ನಾಲಿಗೆಗೆ ಬಾರದ ತಡೆಮಾತು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ. ನಲವತ್ತೊಂದು ಹೆಣ್ಣುಮಕ್ಕಳು ಕೆಲಸ ಮಾಡುವ ಚಟ್ನಿ ಕಾರ್ಖಾನೆಯ ಬಾಗಿಲಲ್ಲಿ ದಪ್ಪ ಅಕ್ಷರದ ಬೋರ್ಡು ಬರೆದು ತೂಗುಹಾಕಿದವನು ನಾನೇ. ಅದನ್ನು ಬರೆದ ದಿನ ಎರಡು ಸಲ ಹಿಂದೆ ಸರಿದು ನಿಂತು, ಭಲೇ ಎಂದುಕೊಂಡಿದ್ದೆ. ಈಗ ಆ ಬೋರ್ಡು ನೆನಪಾದರೆ ಬೆವರೂ ಬರುತ್ತದೆ, ನಗೆಯೂ ಬರುತ್ತದೆ.

ನಮ್ಮ ಊರಿನ ಫೋನುಗಳ ಗುಣ ನಿಮಗೆ ಗೊತ್ತಿರಲಿಕ್ಕಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪುರಸಭೆಯ ಭೋಂಗಾ ಕೂಗುತ್ತದೆ. ಆಗ ಫೋನು ತನ್ನ ಒಡೆಯನ ಕೈಯಲ್ಲಿರಬೇಕು. ಇರದಿದ್ದರೆ ಬಾಯಿ ಬಿಡುತ್ತದೆ. ಬೆಳಗಿನಿಂದ ತಾನು ಕೇಳಿಸಿಕೊಂಡದ್ದನ್ನು, ಯಾರ ಮಾತು ಯಾರ ದನಿಯಲ್ಲಿತ್ತೋ ಅದೇ ದನಿಯಲ್ಲಿ, ಒಂದಕ್ಷರ ನುಂಗದೆ ಒಪ್ಪಿಸುತ್ತದೆ. ಮಾತಿಲ್ಲದ ಹೊತ್ತನ್ನು ಹಾರಿಸುತ್ತದೆ, ಅಷ್ಟೇ ಅದರ ದಯೆ. ಹೀಗಾಗಿ ಭೋಂಗಾ ಕೂಗುವ ಮುಂಚೆ ಊರಿಗೆ ಊರೇ ಜೇಬು ಮುಟ್ಟಿಕೊಳ್ಳುತ್ತದೆ. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸುತ್ತಾನೆ. ಹೋಟೆಲಿನಲ್ಲಿ ಮಂಡಾಳು ಒಗ್ಗರಣೆ ಅರ್ಧಕ್ಕೇ ಉಳಿಯುತ್ತದೆ. ಜಗಳಾಡುತ್ತಿರುವ ಗಂಡಹೆಂಡಿರು ಒಂದು ನಿಮಿಷ ಸುಮ್ಮನಾಗಿ, ಇಬ್ಬರೂ ತಮ್ಮ ತಮ್ಮ ಫೋನು ಹಿಡಿದು ನಿಂತು, ಭೋಂಗಾ ಮುಗಿದ ಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಾರೆ.

ಒಮ್ಮೆ ಬಾಯಿ ಬಿಟ್ಟ ಫೋನು ಆಮೇಲೆ ಒಡೆಯನ ಕೈಗೆ ಬಂದರೂ ನಿಲ್ಲುವುದಿಲ್ಲ, ಮುಚ್ಚಿದಷ್ಟೂ ಅದರ ದನಿ ಏರುತ್ತದೆ. ಹೊತ್ತುಕೊಂಡು ಓಡಿದರೆ ಮೂರು ಓಣಿಗೆ ಕೇಳಿಸುತ್ತದೆ. ಹಿಂದೊಬ್ಬ ವಧುವರರ ದಲ್ಲಾಳಿ ಗಾಬರಿಯಾಗಿ ತನ್ನ ಫೋನನ್ನು ಬಾವಿಗೆ ಎಸೆದಿದ್ದ. ಮೂರು ದಿನ ಆ ಬಾವಿಯ ನೀರು ಸೇದಿದವರ ಮನೆಯ ಕೊಡಗಳೆಲ್ಲ, ಯಾವ ಹುಡುಗನಿಗೆ ಎಷ್ಟು ಹಲ್ಲು ಕಟ್ಟಿಸಿದ್ದು ಎಂದು ಹೇಳುತ್ತಿದ್ದವು. ಅದನ್ನು ಸುಮ್ಮನಿರಿಸಲು ಇರುವುದು ಒಂದೇ ದಾರಿ, ತಡೆಮಾತು. ಒಡೆಯ ಮೊದಲೇ ಬೆರಳಿನಿಂದ ಫೋನಿನಲ್ಲಿ ಬರೆದಿಟ್ಟ ಒಂದು ಮಾತನ್ನು, ತನ್ನ ಬಾಯಾರೆ, ತನ್ನ ದನಿಯಲ್ಲಿ ಅಂದರೆ ಸಾಕು, ಫೋನು ತಟ್ಟನೆ ಸುಮ್ಮನಾಗಿ, ಒಳಗಿದ್ದದ್ದನ್ನೆಲ್ಲ ಮರೆತು, ಅಂಗಡಿಯಿಂದ ಈಗಷ್ಟೇ ತಂದ ಹೊಸದರಂತೆ ಕೂತುಬಿಡುತ್ತದೆ.

ಇಂಥ ಊರಿನಲ್ಲಿ ಗುಟ್ಟಿರುವ ಯಾವ ಕೆಲಸಕ್ಕೂ ಫೋನು ಕಾಯುವವನೊಬ್ಬ ಬೇಕೇ ಬೇಕು. ಅವನೇ ಕೀಲಿ ಮಾಸ್ತರ. ರಾಚವ್ವ ಆಯಿಯ ‘ಕೊಡ’ ಛಾಪಿನ ಗುರೆಳ್ಳು ಚಟ್ನಿ ಕಾರ್ಖಾನೆಗೆ ನಾನು ಹತ್ತೊಂಬತ್ತು ವರ್ಷದಿಂದ ಕೀಲಿ ಮಾಸ್ತರ. ಹಾಗೆ ಕರೆದೂ ಕರೆದೂ ನನ್ನನ್ನು ಸ್ವಂತ ಹೆಸರು ಹಿಡಿದು ಕರೆಯುವುದೇ ಊರಿಗೆ ಮರೆತುಹೋಗಿದೆ. ಪೋಸ್ಟಿನವನೂ ‘ಮಾಸ್ತರ, ಕಾಗದ’ ಎನ್ನುತ್ತಾನೆ. ಬಾಗಿಲ ಬಲಗಡೆ ಗೋಡೆಗೆ ನಲವತ್ತೊಂದು ಗೂಡು ಮಾಡಿಸಿದ್ದೇನೆ, ಪ್ರತಿ ಗೂಡಿಗೂ ನಂಬರು, ಪುಟ್ಟ ಬಾಗಿಲು, ಒಂದು ತುಂಡು ದಪ್ಪ ಫಲಾನು ಬಟ್ಟೆ. ಬೆಳಗ್ಗೆ ಬಂದವರು ಫೋನನ್ನು ಫಲಾನಿನಲ್ಲಿ ಸುತ್ತಿ ಗೂಡಿನಲ್ಲಿಡಬೇಕು. ಬಾಯಿ ಬಿಡುವ ಮುಂಚೆ ಸುತ್ತಿದರೆ ಫೋನಿಗೆ ಕಿವಿ ಕೇಳಿಸುವುದಿಲ್ಲ. ನಾನು ರಿಜಿಸ್ಟರಿನಲ್ಲಿ ಬರೆದುಕೊಂಡು ಕೀಲಿ ಹಾಕುತ್ತೇನೆ. ಸಂಜೆ ಭೋಂಗಾಕ್ಕೆ ಮುಂಚೆ ಒಬ್ಬೊಬ್ಬರದೂ ಅವರವರ ಕೈಗೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಫೋನು ಬಾಯಿ ಬಿಟ್ಟದ್ದಿಲ್ಲ. ಅದನ್ನು ನಾನು ಹೇಳಿಕೊಂಡು ತಿರುಗುತ್ತಿದ್ದೆ ಕೂಡ, ಸುಳ್ಳು ಯಾಕೆ.

ಇನ್ನು ಆ ಬೋರ್ಡಿನ ಮಾತು. ಪ್ಯಾಕಿಂಗಿನ ಹಸೀನಾಬಿ ಮೊದಲು ತನ್ನ ತಡೆಮಾತಾಗಿ ‘ಚಹಾ’ ಎಂದು ಇಟ್ಟುಕೊಂಡಿದ್ದಳು. ತಡೆಮಾತು ಒಡತಿಯ ಬಾಯಿಂದ ಯಾವಾಗ ಬಿದ್ದರೂ ಫೋನು ಇದ್ದಬದ್ದದ್ದನ್ನು ಮರೆಯುತ್ತದೆ. ದಿನಕ್ಕೆ ನಾಲ್ಕು ಸಲ ಚಹಾ ಕೇಳುವ ಹಸೀನಾಬಿಯ ಫೋನಿನಲ್ಲಿ ಅವಳ ತವರಿನ ನಂಬರು ಕೂಡ ಒಂದು ದಿನ ನಿಲ್ಲಲಿಲ್ಲ. ಅವಳ ಗೋಳು ನೋಡಲಾಗದೆ ನಾನು ಬೋರ್ಡು ಬರೆದೆ: ‘ತಡೆಮಾತು ಎಂಥದ್ದಿರಬೇಕೆಂದರೆ, ಅದು ಎಂದೆಂದೂ ನಿಮ್ಮ ನಾಲಿಗೆಯ ಮೇಲೆ ಬರಬಾರದು. ಯಾರಿಗೂ ಹೇಳಬಾರದು, ಕೀಲಿ ಮಾಸ್ತರನಿಗೂ.’ ಹೆಣ್ಣುಮಕ್ಕಳು ಓದಿದರು, ಒಬ್ಬರ ಮುಖ ಒಬ್ಬರು ನೋಡಿದರು, ಸೆರಗು ಬಾಯಿಗಿಟ್ಟು ನಕ್ಕರು. ಅರ್ಧ ತಾಸಿನಲ್ಲಿ ನಲವತ್ತೊಂದು ಮಂದಿಯೂ ಹೊಸ ತಡೆಮಾತು ಬರೆದು ಮುಗಿಸಿದ್ದರು. ಎಷ್ಟು ಶಿಸ್ತು ನೋಡು ಎಂದು ನಾನು ಹಿಗ್ಗಿದೆ. ನಕ್ಕದ್ದೇಕೆ ಎಂದು ಕೇಳುವ ಬುದ್ಧಿ ಬರಲಿಲ್ಲ.

ಆ ನಲವತ್ತೊಂದರಲ್ಲಿ ಹನ್ನೆರಡನೆಯ ಗೂಡು ನನ್ನ ಹೆಂಡತಿ ನೀಲಗಂಗವ್ವನದು. ಹುರಿಯುವ ಕಟ್ಟೆಯಲ್ಲಿ ಅವಳ ಕೈ ದೊಡ್ಡದು. ಗುರೆಳ್ಳು ಹೊತ್ತುವ ಒಂದು ಚಣ ಮುಂಚೆ ಮೂಗಿನಿಂದಲೇ ಹಿಡಿಯುತ್ತಾಳೆ. ಮಾತೂ ಚೆಂದ. ಒಂದೇ ವಿಚಿತ್ರ, ‘ಎಲ್ಲಾ’ ಎನ್ನುವ ಶಬ್ದ ಅವಳ ಬಾಯಲ್ಲಿ ಇಲ್ಲ. ‘ಬಟ್ಟಿ ಅಷ್ಟೂ ಒಗದೆ’, ‘ಮಂದಿ ಅಷ್ಟೂ ಬಂದ್ರು’ ಎನ್ನುತ್ತಾಳೆ. ಕಾರಣ ನನಗೆ ಗೊತ್ತಿತ್ತು, ಆದರೆ ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಆ ದಿನ ಬುಧವಾರ, ಸಂತೆಯ ದಿನ. ಬೆಳಗ್ಗೆ ಗೂಡಿನ ಮುಂದೆ ಸಾಲಿನಲ್ಲಿ ಬಂದ ನೀಲಗಂಗವ್ವ ಫೋನು ಕೊಡದೆ ಎದೆಗವಚಿಕೊಂಡು ನಿಂತಳು.

‘ಅಲ್ರೀ, ಇವತ್ತೊಂದಿನ ಒಳಗ ಒಯ್ಯತೀನ್ರಿ. ಶಶಿಕಲಾನ ದಿನಾ ತುಂಬ್ಯಾವು. ಯಾವ ಗಳಿಗ್ಯಾಗ ಸುದ್ದಿ ಬರತೇತೋ ಏನೋ.’

ಶಶಿಕಲಾ ನಮ್ಮ ಒಬ್ಬಳೇ ಮಗಳು, ಚೊಚ್ಚಲ ಬಸುರಿ. ಪ್ರಯಾಣ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಗಂಡನ ಊರಿನಲ್ಲೇ ಇದ್ದಳು. ಆಯಿಯ ಖಾಸಾ ತಂಗಿ ಬಂದಾಗಲೂ ಫೋನು ಕಸಿದು ಗೂಡಿನಲ್ಲಿಟ್ಟವನು ನಾನು. ಆದರೆ ಅಜ್ಜನಾಗುವವನ ಕರುಳು ಬೇರೆ. ಆಚೀಚೆ ನೋಡಿ, ದನಿ ತಗ್ಗಿಸಿ, ‘ಸೆರಗಿನಾಗ ಕಟ್ಟಿಕೋ, ಯಾರಿಗೂ ತೋರಸಬ್ಯಾಡ’ ಎಂದೆ. ರಿಜಿಸ್ಟರಿನಲ್ಲಿ ಹನ್ನೆರಡನೆಯ ಸಾಲಿನ ಮುಂದೆ ಏನೂ ಬರೆಯದೆ ಪುಟ ತಿರುವಿಬಿಟ್ಟೆ.

ಹಣೆಬರಹ ನೋಡಿ, ಅದೇ ದಿನ ಮಧ್ಯಾಹ್ನ ರಾಚವ್ವ ಆಯಿ ನೀಲಗಂಗವ್ವನನ್ನು ಒಳಕೋಣೆಗೆ ಕರೆದಳು. ನಮ್ಮ ಚಟ್ನಿಯ ಹದ ಆಯಿಯ ತಲೆಯಲ್ಲಲ್ಲದೆ ಬೇರೆಲ್ಲೂ ಇರಲಿಲ್ಲ. ಗುರೆಳ್ಳು, ಬಳ್ಳೊಳ್ಳಿ, ಮೆಣಸಿನಕಾಯಿ ಊರಿಗೆಲ್ಲ ಗೊತ್ತು. ಅದರ ಮೇಲೆ ಆಯಿ ಬಾಗಿಲು ಹಾಕಿಕೊಂಡು ಬೆರೆಸುತ್ತಿದ್ದ ಮೂರು ಸಾಮಾನು ಯಾರಿಗೂ ಗೊತ್ತಿಲ್ಲ. ಆ ಮೂರು ಸಾಮಾನಿನ ಮೇಲೆ ನಲವತ್ತೊಂದು ಮನೆಯ ಒಲೆ ನಿಂತಿತ್ತು. ಎಂಬತ್ತಾದ ಆಯಿ ಆ ದಿನ ಬಾಗಿಲು ಹಾಕಿ, ಅದನ್ನೆಲ್ಲ ನೀಲಗಂಗವ್ವನಿಗೆ ಹೇಳಿಕೊಟ್ಟಳು. ನನ್ನ ಹೆಂಡತಿ ಹೊರಗೆ ಬಂದಾಗ ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಸೆರಗಿನ ಗಂಟಿನಲ್ಲಿ ಫಲಾನಿಲ್ಲದ ಫೋನು ಕಿವಿ ತೆರೆದುಕೊಂಡು ಕೂತಿತ್ತು ಎಂಬುದು ಅವಳಿಗೂ ನೆನಪಿಲ್ಲ, ನನಗೂ ಇಲ್ಲ.

ಅಷ್ಟರಲ್ಲೇ ಅದು ರಿಂಗಾಯಿತು. ಅಳಿಯ. ‘ಅತ್ತೀ, ಹೆಣ್ಣು ಕೂಸು! ಇಬ್ಬರೂ ಆರಾಮ!’

ಕಾರ್ಖಾನೆಯ ಸೂರೇ ಕಿತ್ತುಹೋಯಿತು ಎನ್ನಿ. ಹಸೀನಾಬಿ ಸಕ್ಕರೆ ಡಬ್ಬಿ ಹಿಡಿದು ಬಂದಳು, ಯಾರೋ ಹಾಡು ಹೇಳಿದರು, ಆಯಿ ಕೋಲು ಕುಟ್ಟಿ ತಾಳ ಹಾಕಿದಳು. ನಾನು ಬಾಗಿಲು ಬಿಟ್ಟು ಬಂದು ಎರಡು ಮುಷ್ಟಿ ಸಕ್ಕರೆ ಮುಕ್ಕಿದೆ. ನೀಲಗಂಗವ್ವ ಎರಡೂ ಕೈಯಿಂದ ಸಕ್ಕರೆ ಹಂಚಬೇಕೆಂದು ಫೋನನ್ನು ಪಕ್ಕದಲ್ಲಿದ್ದ ಪಾಕೀಟಿನ ಬುಟ್ಟಿಯ ಮೇಲಿಟ್ಟಳು. ಸಂತೆಯ ಅಂಗಡಿಗೆ ಕೂರುವ ಸರದಿ ಹಸೀನಾಬಿಯದು. ಅವಳು ಮೂರು ಬುಟ್ಟಿಯನ್ನೂ ಕೈಗಾಡಿಗೆ ಹೇರಿಸಿ, ತನ್ನ ಫೋನು ಗೂಡಿನಿಂದ ಇಸಿದುಕೊಂಡು ಹೊರಟುಹೋದಳು. ಹೋಗುವಾಗ ನನ್ನ ಬಾಯಿಗೆ ಇನ್ನೊಂದು ಚಮಚೆ ಸಕ್ಕರೆ ಹಾಕಿದಳು.

ಸಂಜೆ ಐದೂವರೆಗೆ ಫೋನು ಹಂಚಲು ಕೂತೆ. ಎಲ್ಲರೂ ಹೋದ ಮೇಲೆ ನೀಲಗಂಗವ್ವ ನಗುನಗುತ್ತ ಬಂದು ನಿಂತಳು.

‘ನಿನ್ನ ಫೋನ ಕೈಯಾಗ ಐತಿಲ್ಲ?’ ಎಂದೆ.

ಅವಳು ಸೆರಗು ಮುಟ್ಟಿದಳು. ಸೊಂಟ ಮುಟ್ಟಿದಳು. ಮುಖದ ಮೇಲಿನ ನಗೆ ಹಾಗೇ ಇಳಿಯಿತು. ‘ಸಕ್ಕರಿ ಹಂಚೂ ಮುಂದ… ಬುಟ್ಟಿ ಮ್ಯಾಲ… ಅಯ್ಯ ಶಿವನ! ಬುಟ್ಟಿ ಸಂತಿಗೆ ಹೋತಲ್ರಿ!’ ಎಂದವಳು ಗೋಡೆ ಹಿಡಿದಳು. ‘ಆಯಿ ಹೇಳಿದ್ದು ಅಷ್ಟೂ ಅದರಾಗ ಐತ್ರಿ.’

ಸಂತೆಯಲ್ಲಿ ನಮ್ಮ ಅಂಗಡಿಯ ಮಗ್ಗುಲಲ್ಲೇ ಚಂಬಣ್ಣನ ಗಿಳಿ ಛಾಪಿನ ಚಟ್ನಿ ಅಂಗಡಿ. ಹತ್ತು ವರ್ಷದಿಂದ ನಮ್ಮ ಹದಕ್ಕೆ ಬಾಯಿ ಬಾಯಿ ಬಿಡುತ್ತಿದ್ದವನು. ಭೋಂಗಾ ಕೂಗುವ ಹೊತ್ತಿಗೆ ಯಾವ ಮರೆತ ಫೋನು ಎಲ್ಲಿ ಏನು ಹೇಳುತ್ತದೋ ಎಂದು ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡೇ ಕೂರುವ ಮನುಷ್ಯ. ಭೋಂಗಾಕ್ಕೆ ಮೂವತ್ತೈದು ನಿಮಿಷ ಇತ್ತು. ಸಂತೆ ಸೇತುವೆಯಾಚೆ, ಎರಡೂವರೆ ಮೈಲಿ.

‘ಸೈಕಲ್ ಹತ್ತು!’ ಎಂದೆ.

ಅವಳು ಕ್ಯಾರಿಯರಿನ ಮೇಲೆ ಕೂತಳು, ನಾನು ತುಳಿದೆ. ಐವತ್ತಮೂರು ವರ್ಷದ ಮೊಣಕಾಲು ಕಟಕಟ ಎನ್ನುತ್ತಿದ್ದವು. ದಾರಿಯವರು ‘ಮಾಸ್ತರ, ಅಜ್ಜ ಆದ್ರಂತ! ಪೇಢೆ ಯಾವಾಗ?’ ಎಂದು ಕೂಗಿದರೆ ಬೆಲ್ಲು ಬಾರಿಸುತ್ತಲೇ ಹೋದೆ. ಗಾಬರಿಯಲ್ಲೂ ನನಗೊಂದು ಧೈರ್ಯ ಇತ್ತು.

‘ತಡೆಮಾತ ನೆನಪೈತಿಲ್ಲ?’ ಎಂದೆ ಹಿಂದಕ್ಕೆ ತಿರುಗದೆ.

‘ಐತ್ರಿ.’

‘ಮತ್ತೇನ ಚಿಂತಿ? ಮುಟ್ಟೂದು ತಡಾ ಆತು ಅಂತ ತಿಳಿ, ಬಾಯಿ ಬಿಡತೇತಿ, ನೀ ತಡೆಮಾತ ಅಂದಬಿಡು. ಮುಗೀತು.’

ಸೇತುವೆಯ ಏರು ಹತ್ತುವಾಗ ಮೆಲ್ಲಗೆ, ‘ಅನ್ನಾಕ ಬರಂಗಿಲ್ರಿ’ ಎಂದಳು.

‘ಬರಂಗಿಲ್ಲಂದ್ರ? ನೀನ ಬರದಿಟ್ಟೀಯಲ್ಲ?’

‘ಬರಿಯೂದು ಬ್ಯಾರೆ, ಅನ್ನೂದು ಬ್ಯಾರೆ.’

ಸೈಕಲ್ಲು ಸೇತುವೆಯ ಕಟಾಂಜನಕ್ಕೆ ಮುತ್ತು ಕೊಡುವುದರಲ್ಲಿತ್ತು. ‘ಏನ ಇಟ್ಟಿ ಅದರಾಗ? ಬೈಗಳಾ ಗಿಯ್ಗಳಾ ಇಟ್ಟಿಯೇನ?’

‘ಬಿಡ್ತು ಅನ್ರಿ! ಬೈಗಳಂತ ಬೈಗಳ! ದೇವರಂಥಾ ಮಾತದು.’

‘ದೇವರಂಥಾ ಮಾತ ಅನ್ನಾಕ ಏನ ಧಾಡಿ?’

‘ನೀವ ಬೋರ್ಡ ಬರದ್ರಿ, ನಾವು ಅದರಂಗ ಮಾಡಿದ್ವಿ. ಈಗ ನನ್ನ ಕೇಳ್ರಿ!’ ಎಂದವಳೇ ಅಳಲು ಶುರು ಮಾಡಿದಳು. ಅದೇ ಗಳಿಗೆಗೆ ಚೈನು ಕಳಚಿತು. ಹಚ್ಚಿದೆ, ಕೈ ಮಸಿ ಮಾಡಿಕೊಂಡೆ, ಮತ್ತೆ ತುಳಿದೆ. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಜಗಳಾಡಲು ಉಸಿರಿರಲಿಲ್ಲ.

ಸಂತೆಯ ಬಾಯಿಗೆ ಬಂದೆವು, ಬದನೆಕಾಯಿಯವರ ಸಾಲು ದಾಟಿದೆವು, ಇನ್ನೇನು ಐವತ್ತು ಹೆಜ್ಜೆ. ಭೋಂಗಾ ಕೂಗಿತು. ತಕ್ಕಡಿಗಳು ನಿಂತವು. ಸಂತೆಯ ಮಂದಿಯೆಲ್ಲ ಫೋನು ಕೈಗೆ ತೆಗೆದು ಎತ್ತಿ ಹಿಡಿದರು. ಆ ಗಪ್‌ಚಿಪ್ಪಿನಲ್ಲಿ, ನಮ್ಮ ಅಂಗಡಿಯ ಕಡೆಯಿಂದ, ನನ್ನದೇ ದನಿ ಗಟ್ಟಿಯಾಗಿ ಕೇಳಿಸಿತು.

‘ನನ್ನ ಚಷ್ಮಾ ಎಲ್ಲಿಟ್ಟಿ? ಈ ಮನ್ಯಾಗ ಒಂದ ಸಾಮಾನ ಇಟ್ಟಲ್ಲಿ ಇರಂಗಿಲ್ಲ!’

‘ಮೂಗಿನ ಮ್ಯಾಲ ಐತ್ರಿ.’

ಸಂತೆ ಘೊಳ್ಳೆಂದು ನಕ್ಕಿತು. ಚಂಬಣ್ಣ ಮಾತ್ರ ನಗಲಿಲ್ಲ. ಕತ್ತು ಉದ್ದ ಮಾಡಿ ನಮ್ಮ ಬುಟ್ಟಿಗಳನ್ನು ನೋಡಿ, ಕಿವಿಯ ಮೇಲಿನ ಪೆನ್ನು ತೆಗೆದ.

ಸೈಕಲ್ಲು ಬಿಸಾಕಿ ಓಡಿದೆ. ಹಸೀನಾಬಿ ಆಗಲೇ ಬುಟ್ಟಿ ಬೋರಲು ಹಾಕಿದ್ದಳು. ಪಾಕೀಟುಗಳ ನಡುವೆ ಫೋನು ಸಿಕ್ಕಿತು. ಅದು ನಿಲ್ಲುವಂತಿರಲಿಲ್ಲ. ನಾನು ಉಪ್ಪಿಟ್ಟಿಗೆ ಉಪ್ಪಿಲ್ಲ ಎಂದದ್ದು, ಉಪ್ಪಿದೆ ಎಂದು ಆಮೇಲೆ ಒಪ್ಪಿಕೊಂಡದ್ದು ಬಂತು. ಗೂಡಿನ ಮುಂದಿನ ಮಾತು ಬಂತು. ‘ಸೆರಗಿನಾಗ ಕಟ್ಟಿಕೋ, ಯಾರಿಗೂ ತೋರಸಬ್ಯಾಡ’ ಎಂದು ನನ್ನ ದನಿ ಸಂತೆಗೆಲ್ಲ ಸಾರಿತು. ‘ಅಲ್ಲೋ ಮಾಸ್ತರ, ಬೇಲೀನ ಎದ್ದು ಹೊಲಾ ಮೇಯ್ತಲ್ಲೋ!’ ಎಂದು ಬಾಳೆಹಣ್ಣಿನವನು ಕೂಗಿದ. ಹತ್ತೊಂಬತ್ತು ವರ್ಷದ ಮಾನ ಅಲ್ಲಿಗೆ ಮುಗಿಯಿತು. ಟವೆಲಿನಲ್ಲಿ ಸುತ್ತಿದೆ. ಹುಚ್ಚುಕೆಲಸ, ದನಿ ಇಮ್ಮಡಿಯಾಯಿತು.

‘ಅನ್ನು! ಅದೇನ ಇದ್ರೂ ಅನ್ನು!’ ಎಂದು ಹೆಂಡತಿಯ ಮುಂದೆ ಫೋನು ಹಿಡಿದೆ. ಅವಳು ಬಾಯಿ ತೆರೆದಳು. ತುಟಿ ಅಲ್ಲಾಡಿತು. ದನಿ ಇಲ್ಲ. ಕಣ್ಣಲ್ಲಿ ನೀರು ಮಾತ್ರ.

ಹಸೀನಾಬಿ ಹಣೆ ಹಣೆ ಬಡಿದುಕೊಂಡಳು. ‘ಮಾಸ್ತರ, ಎಷ್ಟ ಶ್ಯಾಣ್ಯಾ ಇದ್ರೂ ಗಂಡಸ ನೀವು! ಎಂದೂ ನಾಲಿಗಿ ಮ್ಯಾಲ ಬರಬಾರದು ಅಂತ ಬರದ್ರಿ. ನಮ್ಮ ನಾಲಿಗಿ ಮ್ಯಾಲ ಲಗ್ನ ಆದಾಗಿಂದ ಬರಲಾರದ್ದು ಯಾವುದೈತ್ರಿ? ಗಂಡನ ಹೆಸರು! ನಲವತ್ತೊಂದೂ ಮಂದೀದು ಅದ ಐತಿ. ನಂದೂ ಅದ!’

ನಲವತ್ತೊಂದು ಗೂಡು, ಫಲಾನು, ಕೀಲಿ, ರಿಜಿಸ್ಟರು. ಊರಿಗೆಲ್ಲ ಗೊತ್ತಿರುವ ಹೆಸರುಗಳನ್ನು ಒಳಗಿಟ್ಟು ಮಹಾ ಗುಟ್ಟೆಂದು ಕಾಯುತ್ತ ಕೂತಿದ್ದೆ. ಕದಿಯುವವನಿಗೆ ಅವು ಗೊತ್ತಿದ್ದರೂ ಉಪಯೋಗವಿಲ್ಲ, ದನಿ ಒಡತಿಯದೇ ಬೇಕು. ಒಡತಿಗೆ ಗೊತ್ತಿದ್ದರೂ ಉಪಯೋಗವಿಲ್ಲ, ಅವಳು ಅನ್ನುವುದಿಲ್ಲ. ಇಂಥ ಭದ್ರತೆ ಲೋಕದಲ್ಲಿ ಬೇರೆ ಯಾರಾದರೂ ಮಾಡಿದ್ದಾರೆಯೇ?

ನೀಲಗಂಗವ್ವ ನನ್ನ ಹೆಸರನ್ನು ಒಮ್ಮೆಯೂ ಅಂದವಳಲ್ಲ. ಮದುವೆಯಾಗಿ ಹೊಸ್ತಿಲು ದಾಟುವಾಗ ನನ್ನ ಅಕ್ಕಂದಿರು ಬಾಗಿಲಿಗೆ ಅಡ್ಡ ನಿಂತು, ‘ಹೆಸರ ಹೇಳಿ ಒಳಗ ಬಾ’ ಎಂದಿದ್ದರು. ಅಷ್ಟರಲ್ಲಿ ಒಳಗೆ ಒಲೆಯ ಮೇಲಿನ ಹಾಲು ಉಕ್ಕಿ, ಅಕ್ಕಂದಿರೆಲ್ಲ ಅತ್ತ ಓಡಿ, ಇವಳು ಸುಮ್ಮನೆ ಒಳಗೆ ಬಂದುಬಿಟ್ಟಳು. ಹೆಸರು ಹೇಳದೆ ಮನೆ ತುಂಬಿದ ಸೊಸೆ ನಮ್ಮ ಓಣಿಯಲ್ಲಿ ಅವಳೊಬ್ಬಳೇ. ಆಗ ನನಗೆ ಬೇಸರವಾಗಿತ್ತು. ಇಪ್ಪತ್ತೇಳು ವರ್ಷ ಅದನ್ನು ಯಾರ ಮುಂದೆಯೂ ಆಡಿರಲಿಲ್ಲ.

‘ಬಾಗಿಲಾ ಹಾಕವ್ವ. ಹಿಂಗ ಸನೇಕ ಕೂಡು.’ ಫೋನಿನಿಂದ ಈಗ ರಾಚವ್ವ ಆಯಿಯ ದನಿ. ಚಂಬಣ್ಣ ಪೆನ್ನಿನ ತುದಿಯನ್ನು ನಾಲಿಗೆಗೆ ತಾಗಿಸಿಕೊಂಡ. ‘ಗುರೆಳ್ಳು ನಾಕ ಸೇರು. ಸಣ್ಣ ಉರಿ. ಬಳ್ಳೊಳ್ಳಿ ಸಿಪ್ಪಿ ತಗೀಬ್ಯಾಡ…’

‘ಒಡಪಿನಾಗ ಹೇಳ!’ ಹಸೀನಾಬಿ ಕಿರುಚಿದಳು. ‘ನೀಲಗಂಗಾ, ಒಡಪ ಕಟ್ಟಿ ಹೇಳ! ಒಡಪಿನಾಗ ಹೇಳಿದ್ರ ದೋಷಿಲ್ಲ!’

ಅದು ಹೌದು. ನಮ್ಮ ಕಡೆ ಮದುವೆ ಮುಂಜಿಯಲ್ಲಿ ಹೆಣ್ಣುಮಕ್ಕಳು ಪ್ರಾಸ ಕಟ್ಟಿದ ಎರಡು ಸಾಲು ಹೇಳಿ, ಕೊನೆಗೆ ಗಂಡನ ಹೆಸರು ಸೇರಿಸುತ್ತಾರೆ. ಒಡಪಿನಲ್ಲಿ ಬಂದ ಹೆಸರು ಬಾಯಿಗೆ ಬಂದಂತೆ ಲೆಕ್ಕವಿಲ್ಲ. ಸಂತೆಗೆ ಬಂದಿದ್ದ ಹೆಂಗಸರಿಗೆ ಒಂದೇ ಕ್ಷಣದಲ್ಲಿ ವಿಷಯ ತಿಳಿಯಿತು. ಚೀಲ, ಬುಟ್ಟಿ, ಕೂಸು ಕಂಕುಳಲ್ಲಿಟ್ಟುಕೊಂಡು ಬಂದು ನೀಲಗಂಗವ್ವನನ್ನು ಸುತ್ತುಗಟ್ಟಿದರು. ಹೊಸ್ತಿಲಿಗೆ ಅಡ್ಡ ನಿಂತವರ ಹಾಗೆಯೇ ಕೈ ಚಾಚಿ ನಿಂತು, ‘ಹೆಸರ ಹೇಳ! ಹೆಸರ ಹೇಳ!’ ಎಂದು ಚಪ್ಪಾಳೆ ತಟ್ಟಿದರು.

‘ನನಗ ಒಡಪ ಬರಂಗಿಲ್ಲವ್ವ,’ ಎಂದಳು ನನ್ನ ಹೆಂಡತಿ.

‘ಬಂದದ್ದ ಹೇಳ!’

‘…ಇದಿಷ್ಟು ಮಂದಿಗೆಲ್ಲಾ ಗೊತ್ತು,’ ಆಯಿಯ ದನಿ ಹೇಳುತ್ತಿತ್ತು. ‘ಇನ್ನ ಮೂರ ಸಾಮಾನ ಹೇಳತೀನಿ. ನನ್ನ ಅತ್ತಿ ನನಗ ಹೇಳಿದ್ದು. ಕಿವಿ ಕೊಟ್ಟ ಕೇಳು.’

ನೀಲಗಂಗವ್ವ ಕಣ್ಣು ಮುಚ್ಚಿದಳು. ಸೆರಗು ತಲೆಯ ಮೇಲೆಳೆದು, ಅದರ ತುದಿ ಗಟ್ಟಿ ಹಿಡಿದು, ಹುರಿಯುವ ಕಟ್ಟೆಯಲ್ಲಿ ಕೂಗುವ ದನಿಯಲ್ಲೇ ಶುರು ಮಾಡಿದಳು:

‘ಹಂಚಿನ ಮ್ಯಾಲ ಹುರದ ಗುರೆಳ್ಳಿಗೆ ಬರತೇತಿ ಕಂಪ…’

‘ಹಾಂ! ಹಾಂ!’ ಎಂದರು ಹೆಂಗಸರು.

‘ಮಗಳು ಹಡದಾಳಂತ ಸುದ್ದಿ ಕೇಳಿ ಜೀವಕ್ಕಾತು ತಂಪ…’

‘ಮೂರರಾಗ ಮೊದಲನೇದು,’ ಎಂದಿತು ಫೋನು. ‘ಅದು ಕ…’

‘ನಲವತ್ತೊಂದ ಗೂಡಿನ ಕೀಲಿ ಕಾಯವರು ನನ್ನ ಯಲ್ಲಪ್ಪ!’

ಫೋನು ಸುಮ್ಮನಾಯಿತು. ಅದರ ಕನ್ನಡಿ ಒಮ್ಮೆ ಬೆಳ್ಳಗೆ ಬೆಳಗಿ, ಖಾಲಿಯಾಗಿ, ಏನೂ ಅರಿಯದ ಹಾಗೆ ನನ್ನ ಅಂಗೈ ಮೇಲೆ ಕೂತಿತು. ಆ ಮೌನದಲ್ಲಿ ನಾನು, ಯಾಕೆಂದು ಇವತ್ತಿಗೂ ಗೊತ್ತಿಲ್ಲ, ಶಾಲೆಯಲ್ಲಿ ಹಾಜರಿ ಹೇಳುವವನ ಹಾಗೆ, ಗಂಟಲು ಬಿಚ್ಚಿ ‘ಓ!’ ಎಂದುಬಿಟ್ಟೆ.

‘ಹಂಗ್ಯಾಕ ಒದರತೀರಿ, ಇಲ್ಲೇ ಅದೀನಲ್ಲ,’ ಎಂದಳು ಅವಳು, ಮುಖವಿಡೀ ಸೆರಗಿನಲ್ಲಿ ಮುಚ್ಚಿಕೊಂಡು.

ಸಂತೆ ಎದ್ದು ಕುಣಿಯಿತು. ಬಾಳೆಹಣ್ಣಿನವನು ಹಣ್ಣು ತೂರಿದ. ಹಸೀನಾಬಿ ನನ್ನ ಹೆಂಡತಿಯನ್ನು ತಬ್ಬಿಕೊಂಡು ಗಿರಗಿರ ತಿರುಗಿಸಿದಳು. ಹದ ಉಳಿಯಿತು, ನಲವತ್ತೊಂದು ಒಲೆ ಉಳಿದವು. ಆದರೆ ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಚಟ್ನಿ ನೆನಪೇ ಇರಲಿಲ್ಲ. ನನಗೊಂದು ಹೆಸರಿದೆ ಎಂಬುದು ಮಾತ್ರ ನೆನಪಿತ್ತು. ಸಂತೋಷಕ್ಕೆ ಅಳು ಬಂತು, ಚಷ್ಮಾ ತೆಗೆದು ಒರೆಸಿಕೊಂಡೆ.

ಚಂಬಣ್ಣ ಮಾತ್ರ ಚೀಟಿ ಹಿಡಿದು ನಿಂತಿದ್ದ. ‘ಕ ಅಂದ್ರ ಏನವಾ? ಅಷ್ಟರ ಹೇಳ್ರಿ,’ ಎಂದು ಕಂಡಕಂಡವರನ್ನು ಕೇಳುತ್ತಿದ್ದ. ಆಮೇಲೆ ಅವನು ಕ ಅಕ್ಷರದ ಸಾಮಾನೆಲ್ಲ ಹಾಕಿ ನೋಡಿದನಂತೆ, ಕರಿಬೇವು, ಕೊತ್ತಂಬರಿ, ಕಲ್ಲುಸಕ್ಕರೆ, ಕಡೆಗೆ ಕರ್ಪೂರ. ಕರ್ಪೂರದ ಚಟ್ನಿ ತಿಂದವರು ಎರಡು ದಿನ ದೇವರಗುಡಿಯ ವಾಸನೆ ಹೊಡೆಯುತ್ತಿದ್ದರು.

ಮರುದಿನ ಬೆಳಗ್ಗೆ ನಾನೇ ಆಯಿಯ ಮುಂದೆ ಹೋಗಿ ನಿಂತೆ. ರಿಜಿಸ್ಟರು ತೆರೆದು ಹನ್ನೆರಡನೆಯ ಖಾಲಿ ಸಾಲು ತೋರಿಸಿದೆ, ಗೂಡಿನ ಕೀಲಿಗೊಂಚಲು ಅವಳ ಕಾಲ ಬಳಿ ಇಟ್ಟೆ. ಆಯಿ ಗೊಂಚಲನ್ನು ಕೋಲಿನಿಂದ ನನ್ನ ಕಡೆಗೇ ಸರಿಸಿದಳು. ‘ಹತ್ತೊಂಬತ್ತ ವರ್ಷ ನೀ ಫೋನ ಕಾದಿ. ನಿನ್ನೆ ನಿನ್ನ ಹೇಣ್ತಿ ನಿನ್ನ ಕಾದ್ಲು. ಕೀಲಿ ಎತ್ತಿಕೋ, ಬೋರ್ಡ ಕಿತ್ತಿ ಒಲಿಗೆ ಹಾಕು,’ ಎಂದಳು. ‘ಮೊಮ್ಮಗಳ ಮುಖಾ ನೋಡಾಕ ಯಾವಾಗ ಹೊಂಟೀರಿ?’

‘ಈ ಐತವಾರರಿ.’

‘ಎರಡ ಪಾಕೀಟ ಚಟ್ನಿ ಒಯ್ರಿ. ಬಾಣಂತಿಗೆ ಅಲ್ಲ, ಬೀಗರಿಗೆ.’

ಬೋರ್ಡು ಒಲೆಗೆ ಹೋಯಿತು. ನಲವತ್ತೊಂದು ಮಂದಿಯನ್ನೂ ಸಾಲಾಗಿ ಕೂರಿಸಿ, ತಡೆಮಾತು ಎಂದರೆ ಬೇಕಾದಾಗ ಅನ್ನಲು ಬರುವಂಥದ್ದು, ಬೇಡದಾಗ ಬಾಯಿಗೆ ಬಾರದಂಥದ್ದು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಒಬ್ಬೊಬ್ಬರೂ ಗೋಡೆಯ ಕಡೆ ಮುಖ ಮಾಡಿ ಹೊಸತು ಬರೆದುಕೊಂಡರು. ಕೆಲವರ ಮುಖದಲ್ಲಿ ಸಂಕಟವೇ ಇತ್ತು. ಗಂಡನ ಹೆಸರನ್ನು ಇಷ್ಟು ಸುಲಭಕ್ಕೆ ಅಳಿಸುವುದೇ ಎಂದು ಹಸೀನಾಬಿ ಗೊಣಗಿದಳು.

ಕೊನೆಯಲ್ಲಿ ಬಂದವಳು ನೀಲಗಂಗವ್ವ. ಫಲಾನಿನಲ್ಲಿ ಸುತ್ತಿದ ಫೋನನ್ನು ತಾನೇ ಹನ್ನೆರಡನೆಯ ಗೂಡಿನಲ್ಲಿಟ್ಟಳು.

‘ಬದಲಿ ಮಾಡಿದೇನ?’ ಎಂದೆ. ನನಗೆ ಒಳಗೊಳಗೇ ಹಳೆಯದೇ ಇರಲಿ ಎಂಬ ಆಸೆ.

‘ಮಾಡಿದ್ನ್ರಿ.’

‘ಹಳೇದು ಊರಿಗೆಲ್ಲಾ ಗೊತ್ತಾತು ಅಂತೇನ?’

‘ಊರಿಗೆ ಮೊದಲ ಗೊತ್ತಿತ್ತಲ್ರಿ,’ ಎಂದಳು ತಲೆ ತಗ್ಗಿಸಿ. ‘ಹಳೇದು ಇನ್ನ ನಡಿಯಂಗಿಲ್ಲ. ನಿನ್ನೆಯಿಂದ ಸುಮ್ಮಸುಮ್ಮನ ಬಾಯಾಗ ಬರಾಕ ಹತ್ತೇತಿ.’

ಅಷ್ಟು ಹೇಳಿ ಒಳಗೆ ಹೋದಳು. ನಾನು ರಿಜಿಸ್ಟರಿನಲ್ಲಿ ಹನ್ನೆರಡನೆಯ ಸಾಲು ತುಂಬುತ್ತಿದ್ದೆ. ಹುರಿಯುವ ಕಟ್ಟೆಯ ಕಡೆಯಿಂದ, ನಲವತ್ತು ಮಂದಿ ಕೇಳುವ ಹಾಗೆ, ಅವಳ ದನಿ ಬಂತು.

‘ಯಲ್ಲಪ್ಪನವರ! ಬುತ್ತಿಗಂಟು ಸೈಕಲ್ಲಿನಾಗ ಬಿಟ್ಟ ಬಂದೀರಿ. ಎಲ್ಲಾ ಮರೀತೀರಿ ನೋಡ್ರಿ!’

‘ಓ!’ ಎಂದೆ. ಬುತ್ತಿ ನನ್ನ ಮುಂದೆ ಮೇಜಿನ ಮೇಲೇ ಇತ್ತು.